ಬಲಪಂಥ ಅಂದ್ರೆ ಏನು? ಗೋವಾದ ಮಾರುಕಟ್ಟೆಯಲ್ಲಿ ನಿಂತು ನೋಡಿದರೆ

ಬಲಪಂಥೀಯರು ಅಂದ್ರೆ ಯಾರು ಅಂತ ನಮ್ಮ ಹುಡುಗರಲ್ಲಿ ಕೇಳಿ ನೋಡಿ. "ನಮ್ಮನ್ನು ಕಂಡರೆ ಆಗದವರು" ಎಂದು ಒಂದೇ ಮಾತಲ್ಲಿ ಮುಗಿಸ್ತಾರೆ. ಅನುಭವದಿಂದ ಬಂದ ಉತ್ತರ, ತಪ್ಪು ಅನ್ನಲಾರೆ. ಆದರೆ ಅದು ಅರ್ಧ ಉತ್ತರ. ಸರಕಾರ ಎಷ್ಟು ದೊಡ್ಡದಿರಬೇಕು, ತೆರಿಗೆ ಎಷ್ಟಿರಬೇಕು, ವ್ಯಾಪಾರದಲ್ಲಿ ಅದರ ಕೈ ಎಷ್ಟು ದೂರ ಬರಬಹುದು ಎಂಬುದಕ್ಕೆಲ್ಲ ಬಲಪಂಥದಲ್ಲಿ ಒಂದು ವಾದವಿದೆ. ಅದು ಗೊತ್ತಿಲ್ಲದಿದ್ದರೆ ಅವರನ್ನು ಪ್ರಶ್ನೆ ಮಾಡಲಿಕ್ಕೂ ಆಗುವುದಿಲ್ಲ.

ಹೆಸರು ಬಂದದ್ದು 1789ರ ಫ್ರಾನ್ಸಿನಿಂದ. ಅಲ್ಲಿನ ಸಭೆಯಲ್ಲಿ ರಾಜನ ಅಧಿಕಾರ, ಹಳೆಯ ಪದ್ಧತಿ ಉಳಿಯಬೇಕು ಎಂದವರು ಅಧ್ಯಕ್ಷರ ಬಲಬದಿಗೆ ಕೂತರು, ಬದಲಾವಣೆ ಬೇಕೆಂದವರು ಎಡಬದಿಗೆ. ಅಂದರೆ ಮೊದಲು ಇದ್ದದ್ದು ಸಂಪ್ರದಾಯದ ವಾದ. ಮಾರುಕಟ್ಟೆಯ ವಾದ ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡದ್ದು ಬಹಳ ನಂತರ. ಬ್ರಿಟನಿನಲ್ಲಿ 1979ರಲ್ಲಿ ಥ್ಯಾಚರ್, ಅಮೆರಿಕದಲ್ಲಿ 1981ರಲ್ಲಿ ರೇಗನ್ ಅಧಿಕಾರಕ್ಕೆ ಬಂದ ಮೇಲೆ ಅದು ಜಗತ್ತಿಗೆಲ್ಲ ಹಬ್ಬಿತು. ತೆರಿಗೆ ಇಳಿಸಿ, ಸರಕಾರಿ ಕಂಪೆನಿ ಮಾರಿ, ಆಸ್ತಿ ಮಾಲಕನ ಹಕ್ಕು ಮುಟ್ಟಬೇಡಿ, ಮಾರುವವನೂ ಕೊಳ್ಳುವವನೂ ದರ ತೀರ್ಮಾನಿಸಿಕೊಳ್ಳಲಿ. ಇಷ್ಟೇ ಅದರ ತಿರುಳು. ನಮ್ಮ ದೇಶದಲ್ಲಿ ಇದನ್ನೇ ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಹೇಳಿದ್ದರು. ಪರ್ಮಿಟ್, ಲೈಸೆನ್ಸ್, ಕೋಟಾದ ರಾಜ್ಯಭಾರ ಸಾಕು ಎನ್ನುವುದು ಅವರ ಮಾತು.

ಅಂಗಡಿ ಇಟ್ಟವನಿಗೆ ಈ ವಾದ ಹಿಡಿಸದೇ ಇರುವುದಿಲ್ಲ, ನನಗೂ ಹಿಡಿಸುತ್ತದೆ. ಅದು ನಮಗೆ ಹೊಸತೂ ಅಲ್ಲ. ಮದೀನಾದಲ್ಲಿ ಬೆಲೆ ಏರಿದಾಗ ದರ ನಿಗದಿ ಮಾಡಿ ಎಂದು ಜನ ಕೇಳಿದರೂ ಪ್ರವಾದಿಯವರು (ಸ.ಅ.) ಒಪ್ಪಲಿಲ್ಲ ಎಂಬ ಹದೀಸ್ ಮದ್ರಸಕ್ಕೆ ಹೋದವರಲ್ಲಿ ಹಲವರು ಕೇಳಿದ್ದೇ. ಆದರೆ ತೂಕದ ಮೋಸಕ್ಕೆ, ಮಾಲು ಬಚ್ಚಿಟ್ಟು ಬೆಲೆ ಏರಿಸುವುದಕ್ಕೆ ಅಲ್ಲಿ ಜಾಗ ಇರಲಿಲ್ಲ, ಅದನ್ನೂ ಜೊತೆಗೇ ನೆನಪಿಡಬೇಕು.

ಈಗ ಗೋವಾಕ್ಕೆ ಬರುವ. 2012ರಲ್ಲಿ ಮನೋಹರ್ ಪರ್ರಿಕರ್ ಮುಖ್ಯಮಂತ್ರಿಯಾದ ಕೂಡಲೇ ಪೆಟ್ರೋಲಿನ ವ್ಯಾಟ್ ಹೆಚ್ಚುಕಡಿಮೆ ಪೂರ್ತಿ ತೆಗೆದರು. ಲೀಟರಿಗೆ ಸುಮಾರು 11 ರೂ. ಇಳಿಯಿತು. ಇದು ಪುಸ್ತಕದಲ್ಲಿ ಬರೆದಂಥ ಬಲಪಂಥ. ಅದೇ ವರ್ಷ ಗೃಹಿಣಿಯರಿಗೆ ತಿಂಗಳು ತಿಂಗಳು ಹಣ ಕೊಡುವ 'ಗೃಹ ಆಧಾರ್' ಯೋಜನೆಯನ್ನೂ ತಂದರು, ಅದು ಪುಸ್ತಕದಲ್ಲಿ ಇಲ್ಲ. ಪೆಟ್ರೋಲಿನ ತೆರಿಗೆ ಆಮೇಲೆ ಪುನಃ ಏರಿತು ಬಿಡಿ. ವೋಟು ಬೇಕಾದಾಗ ಎಲ್ಲ ಪಂಥದವರೂ ಕೊಡುತ್ತಾರೆ, ಖಜಾನೆ ಖಾಲಿಯಾದಾಗ ಎಲ್ಲರೂ ಕೀಳುತ್ತಾರೆ.

ನಿಜವಾದ ತೊಡಕು ಇರುವುದು ಮಾಂಸದ ಮಾರುಕಟ್ಟೆಯಲ್ಲಿ. ಗೋವಾದಲ್ಲಿ ದನದ ಮಾಂಸ ತಿನ್ನುವವರು ಮುಸ್ಲಿಮರು ಮಾತ್ರ ಅಲ್ಲ. ಕ್ರೈಸ್ತರೇ ಜನಸಂಖ್ಯೆಯ ನಾಲ್ಕರಲ್ಲಿ ಒಂದು ಪಾಲು ಇದ್ದಾರೆ, ಪ್ರವಾಸಿಗರ ಹೊಟೇಲುಗಳು ಬೇರೆ. ಗೋಹತ್ಯೆಗೆ ಇಲ್ಲಿ 1978ರಿಂದಲೇ ನಿಷೇಧ ಇದೆ. ಎತ್ತು, ಎಮ್ಮೆಯ ಮಾಂಸಕ್ಕೆ ಹೆಚ್ಚಾಗಿ ನಂಬಿಕೊಂಡಿದ್ದದ್ದು ಬೆಳಗಾವಿಯನ್ನು. 2017ರ ಜುಲೈಯಲ್ಲಿ ಪರ್ರಿಕರ್ ವಿಧಾನಸಭೆಯಲ್ಲೇ, ಕೊರತೆ ಆಗದಂತೆ ಬೆಳಗಾವಿಯಿಂದ ತರಿಸುವ ದಾರಿ ತೆರೆದಿದೆ ಎಂದರು. ವ್ಯಾಪಾರಿಯ ಮಾತು ಅದು. ಆರು ತಿಂಗಳು ಕಳೆಯಲಿಲ್ಲ, 2018ರ ಜನವರಿಯಲ್ಲಿ ಗೋವಾದ ಖುರೇಷಿ ಮಾಂಸ ವ್ಯಾಪಾರಿಗಳು ಅಂಗಡಿ ಮುಚ್ಚಿ ಮುಷ್ಕರ ಕೂತರು. ದಾಖಲೆ ಇದ್ದ ಮಾಲನ್ನೂ ಗೋರಕ್ಷಕರು ದಾರಿಯಲ್ಲಿ ತಡೆಯುತ್ತಾರೆ ಎಂಬುದೇ ದೂರು. ಪೊಲೀಸ್ ರಕ್ಷಣೆಯ ಭರವಸೆ ಸಿಕ್ಕ ಮೇಲೆ ಬಾಗಿಲು ತೆರೆದರು.

2020ರಲ್ಲಿ ಕರ್ನಾಟಕದಲ್ಲಿ ಆದದ್ದನ್ನು ಗಮನಿಸಿ. ಯಡಿಯೂರಪ್ಪ ಸರಕಾರ ಆ ವರ್ಷ ಎಪಿಎಂಸಿ ಕಾಯ್ದೆ ತಿದ್ದಿತು. ರೈತ ತನ್ನ ಬೆಳೆಯನ್ನು ಎಲ್ಲಿ ಬೇಕಾದರೂ, ಯಾರಿಗೆ ಬೇಕಾದರೂ ಮಾರಲಿ, ಮಧ್ಯೆ ಸರಕಾರ ಯಾಕೆ ಎಂಬ ವಾದ. ಅದೇ ಸರಕಾರ ಅದೇ ವರ್ಷದ ಡಿಸೆಂಬರಿನಲ್ಲಿ ಜಾನುವಾರು ಹತ್ಯೆ ನಿಷೇಧ ಮಸೂದೆ ತಂದಿತು, 2021ರ ಜನವರಿಯಿಂದ ಅದು ಜಾರಿ. 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ಯಾವುದನ್ನೂ ಕಡಿಯುವಂತಿಲ್ಲ. ಶಿಕ್ಷೆ 3ರಿಂದ 7 ವರ್ಷ ಜೈಲು, ದಂಡ 50 ಸಾವಿರದಿಂದ 5 ಲಕ್ಷ. ಟೊಮೆಟೊ ಮಾರುವಾಗ ರೈತ ಸ್ವತಂತ್ರ, ಉಳಲಾಗದ ಮುದಿ ಎತ್ತನ್ನು ಮಾರುವಾಗ ಅಲ್ಲ. ಹಟ್ಟಿಯಲ್ಲಿ ಕಟ್ಟಿಹಾಕಿ ಅದಕ್ಕೆ ಹುಲ್ಲು ಹಾಕುವ ಖರ್ಚು ಯಾರದು?

ಇದನ್ನು ಬರೀ ಕಪಟ ಅಂತ ತಳ್ಳಿಹಾಕಿದರೆ ವಿಷಯ ಅರ್ಥ ಆಗುವುದಿಲ್ಲ. ಬಲಪಂಥದ ಒಳಗೆ ಎರಡು ದಾರ ಇವೆ. ಒಂದು, ಸರಕಾರ ಅಂಗಡಿಯಿಂದ ಹೊರಗಿರಲಿ ಎನ್ನುವುದು. ಇನ್ನೊಂದು 1789ರ ಆ ಹಳೆಯ ದಾರ, ಆಚಾರ ಕಾಯುವುದು ಸರಕಾರದ ಕೆಲಸ ಎನ್ನುವುದು. ಎರಡೂ ಒಂದಕ್ಕೊಂದು ಎದುರಾದ ದಿನ ಎರಡನೆಯದೇ ಗೆಲ್ಲುವುದನ್ನು ಬೆಳಗಾವಿ ದಾರಿಯಲ್ಲಿ ಕಂಡೆವು. ಆದರೆ ಎಲ್ಲ ಕಡೆ ಹಾಗೇ ಆಗಬೇಕೆಂದೂ ಇಲ್ಲ. ಕರ್ನಾಟಕದ ಮಸೂದೆಯಿಂದ ಗೋವಾದಲ್ಲಿ ಮಾಂಸಕ್ಕೆ ತತ್ವಾರ ಬಂದಾಗ ಮುಖ್ಯಮಂತ್ರಿ ಪ್ರಮೋದ್ ಸಾವಂತ್, ಅವರೂ ಬಿಜೆಪಿಯವರೇ, ತಾನೂ ಗೋವನ್ನು ಪೂಜಿಸುವವನು, ಆದರೆ ರಾಜ್ಯದಲ್ಲಿ ಶೇ. 30ರಷ್ಟು ಅಲ್ಪಸಂಖ್ಯಾತರಿದ್ದಾರೆ, ಅವರನ್ನು ನೋಡಿಕೊಳ್ಳುವುದೂ ತನ್ನ ಹೊಣೆ ಎಂಬರ್ಥದಲ್ಲಿ ಹೇಳಿ, ಬೇರೆ ರಾಜ್ಯಗಳಿಂದ ತರಿಸುವ ಮಾತಾಡಿದರು. ಘಟ್ಟದ ಮೇಲೆ ಒಂದು ಲೆಕ್ಕ, ಕೆಳಗೆ ಇನ್ನೊಂದು. ಪಕ್ಷ ಒಂದೇ, ವೋಟಿನ ಪಟ್ಟಿ ಬೇರೆ.