ನೊಣಕ್ಕೆ ಬೂಷ್ಟು ಹಿಡಿಸುವ ಉಪಾಯ



ಕಾಫಿಯ ಕಾಯಿಕೊರಕಕ್ಕೆ ಬವೇರಿಯಾ, ಗೊಬ್ಬರದ ಗುಂಡಿಯಲ್ಲಿ ಬೆಳೆಯುವ ಕುರುವಾಯಿ ಹುಳುವಿನ ಮರಿಗಳಿಗೆ ಮೆಟಾರೈಜಿಯಂ - ಈ ಎರಡು ಹೆಸರುಗಳು ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಹೊಸತಲ್ಲ. ಎರಡೂ ಕೀಟಗಳನ್ನು ಕೊಲ್ಲುವ ಬೂಷ್ಟುಗಳು, ಅಂದರೆ ಶಿಲೀಂಧ್ರಗಳು. ಆದರೆ ಇವುಗಳ ಬಗ್ಗೆ ಸದಸ್ಯರ ಅಭಿಪ್ರಾಯ ಎರಡು ತುದಿಗಳಲ್ಲಿ ನಿಂತಿರುತ್ತದೆ. ಸಿಂಪಡಿಸಿ ಮೂರು ದಿನವಾದರೂ ಒಂದು ಹುಳವೂ ಸಾಯಲಿಲ್ಲ, ಇದು ಬರೀ ಹಿಟ್ಟು ಎನ್ನುವವರು ಕೆಲವರು. ಬೂಷ್ಟು ಹೊಡೆದಾಯಿತು, ಇನ್ನು ಉದುರು ಕಾಯಿ ಹೆಕ್ಕಿಸುವ ಕೂಲಿ ಉಳಿಯಿತು ಎಂದು ನಿಶ್ಚಿಂತರಾಗುವವರು ಇನ್ನು ಕೆಲವರು. ಎರಡರಿಂದಲೂ ನಷ್ಟ ಬೆಳೆಗಾರನಿಗೇ. ಈ ಬೂಷ್ಟುಗಳಿಂದ ಯಾವ ಕೆಲಸವನ್ನು ನಿರೀಕ್ಷಿಸಬಹುದು, ಯಾವುದನ್ನು ನಿರೀಕ್ಷಿಸಬಾರದು ಎಂಬುದನ್ನು ತಿಳಿಯಲು ಆಫ್ರಿಕಾದ ತ್ಸೆತ್ಸೆ ನೊಣದ ಮೇಲೆ ಇವೇ ಬೂಷ್ಟುಗಳನ್ನು ಪ್ರಯೋಗಿಸಿದ ವಿಚಾರ ಬಹಳ ಸಹಾಯಕವಾಗಿದೆ. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿವರಿಸುತ್ತಿದ್ದೇವೆ.

ತ್ಸೆತ್ಸೆ ನೊಣ ನಮ್ಮ ದೇಶದಲ್ಲಿಲ್ಲ. ಸಹಾರಾ ಮರುಭೂಮಿಗೆ ದಕ್ಷಿಣದಲ್ಲಿ ಸುಮಾರು ಒಂದು ಕೋಟಿ ಚದರ ಕಿಲೋಮೀಟರ್ ಪ್ರದೇಶದಲ್ಲಿ, ಅಂದರೆ ನಮ್ಮ ದೇಶದ ಮೂರು ಪಾಲಿನಷ್ಟು ನೆಲದಲ್ಲಿ ಅದರ ವಾಸ. ಗಂಡಾಗಲಿ ಹೆಣ್ಣಾಗಲಿ ರಕ್ತವನ್ನಲ್ಲದೆ ಬೇರೇನನ್ನೂ ಆಹಾರವಾಗಿ ತೆಗೆದುಕೊಳ್ಳುವುದಿಲ್ಲ. ರಕ್ತ ಹೀರುವಾಗ ಟ್ರಿಪನೋಸೋಮ್ ಎಂಬ ಸೂಕ್ಷ್ಮಜೀವಿಯನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಇದರಿಂದ ಮನುಷ್ಯರಿಗೆ ನಿದ್ರಾರೋಗ, ದನಗಳಿಗೆ ನಗಾನ ಎಂಬ ರೋಗ. ನಮ್ಮಲ್ಲಿ ಕುದುರೆ, ಒಂಟೆ, ದನಗಳಿಗೆ ಬರುವ ಸರ್ರಾ ರೋಗ ಇದರ ದಾಯಾದಿಯೇ. ಅದರ ಜೀವಿಯನ್ನು 1880ರಲ್ಲಿ ಅಂದಿನ ಪಂಜಾಬ್ ಪ್ರಾಂತದಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಕಂಡುಹಿಡಿದರು. ಆದರೆ ಸರ್ರಾವನ್ನು ಹರಡುವುದು ದನದ ಮೈಗೆ ಕಚ್ಚುವ ಬೇರೆ ಜಾತಿಯ ದೊಡ್ಡ ನೊಣಗಳು.

ಉಗಾಂಡದಲ್ಲಿ ವಿಕ್ಟೋರಿಯಾ ಸರೋವರದ ದಂಡೆಯಲ್ಲಿ 1900ರಿಂದ 1920ರೊಳಗೆ ನಿದ್ರಾರೋಗಕ್ಕೆ ಸುಮಾರು ಎರಡೂವರೆ ಲಕ್ಷ ಜನ ಬಲಿಯಾದರೆಂದು ಅಂದಾಜು. ಈಗ ರೋಗಿಗಳನ್ನು ಹುಡುಕಿ ಔಷಧ ಕೊಡುವ ಕೆಲಸ, ನೊಣ ಹಿಡಿಯುವ ಕೆಲಸ ಎರಡೂ ನಡೆದು, 2018ರಿಂದೀಚೆಗೆ ವರದಿಯಾಗುವ ರೋಗಿಗಳ ಸಂಖ್ಯೆ ಇಡೀ ಖಂಡದಲ್ಲಿ ವರ್ಷಕ್ಕೆ ಒಂದು ಸಾವಿರಕ್ಕಿಂತ ಕೆಳಗಿಳಿದಿದೆ. ದನಗಳ ರೋಗ ಹಾಗೆ ಇಳಿದಿಲ್ಲ. ನೊಣ ಹೆಚ್ಚಿರುವಲ್ಲಿ ದನ ಸಾಕುವುದೇ ಕಷ್ಟ. ದನವಿಲ್ಲದಿದ್ದರೆ ಉಳಲು ಎತ್ತಿಲ್ಲ, ಹಾಲಿಲ್ಲ, ಗೊಬ್ಬರವೂ ಇಲ್ಲ, ಬೇಸಾಯವೆಲ್ಲ ಕೈಗುದ್ದಲಿಯಲ್ಲೇ. ಹಟ್ಟಿಗೊಬ್ಬರವಿಲ್ಲದ ಅಡಿಕೆ ತೋಟವನ್ನು ಊಹಿಸಿಕೊಂಡರೆ ಅಲ್ಲಿಯ ಸಣ್ಣ ರೈತನ ಪಾಡು ನಮ್ಮವರಿಗೆ ಬೇಗ ಅರ್ಥವಾದೀತು.

ಈ ನೊಣವನ್ನು ಅಳಿಸಲು ಮಾಡದ ಪ್ರಯತ್ನವಿಲ್ಲ. ಪೊದೆಗಳನ್ನು ಕಡಿದರು. ರಕ್ತ ಸಿಗದಿರಲೆಂದು ಅಂದಿನ ದಕ್ಷಿಣ ರೊಡೇಷಿಯಾದಲ್ಲಿ ಲಕ್ಷಗಟ್ಟಲೆ ಕಾಡುಪ್ರಾಣಿಗಳನ್ನು ಗುಂಡಿಟ್ಟು ಕೊಂದರು. ಡಿ.ಡಿ.ಟಿ., ಡೈಯೆಲ್ಡ್ರಿನ್ ಸಿಂಪಡಿಸಿದರು, ವಿಮಾನದಿಂದ ಎಂಡೋಸಲ್ಫಾನ್ ಸಹ ಸುರಿದರು. ಎಂಡೋಸಲ್ಫಾನ್ ವಿಮಾನದಿಂದ ಸುರಿದರೆ ಏನಾಗುತ್ತದೆಂಬುದನ್ನು ನಮ್ಮ ಕರಾವಳಿಯ ಸದಸ್ಯರಿಗೆ ಹೇಳಬೇಕಾಗಿಲ್ಲ. ಇವೆಲ್ಲದರ ನಡುವೆ ತೋಟದವರೇ ಕಂಡುಕೊಂಡ ಒಂದು ಉಪಾಯ ನಮಗೆ ಮೆಚ್ಚುಗೆಯಾಯಿತು. ಪಶ್ಚಿಮ ಆಫ್ರಿಕಾದ ಕರಾವಳಿಯಾಚೆ ಪ್ರಿನ್ಸಿಪೆ ಎಂಬ ಸಣ್ಣ ದ್ವೀಪವಿದೆ, ಕೋಕೋ ತೋಟಗಳ ದ್ವೀಪ. ಅಲ್ಲಿ ಕೆಲಸದಾಳುಗಳ ಬೆನ್ನಿಗೆ ಅಂಟು ಬಳಿದ ಕಪ್ಪು ಬಟ್ಟೆ ಕಟ್ಟಿ ತೋಟದಲ್ಲಿ ಓಡಾಡಿಸಿದರು. ನೊಣಕ್ಕೆ ಕಪ್ಪು ಬಣ್ಣವೆಂದರೆ ಆಕರ್ಷಣೆ. ಬಂದು ಕೂತದ್ದು ಅಲ್ಲೇ ಅಂಟಿತು. ಪೊದೆ ಕಡಿಯುವುದು, ಜವುಗು ಬತ್ತಿಸುವುದು, ಕಾಡುಹಂದಿಗಳನ್ನು ಕೊಲ್ಲುವುದು ಇವುಗಳೊಂದಿಗೆ ಇದನ್ನೂ ನಡೆಸಿ 1914ರ ವೇಳೆಗೆ ದ್ವೀಪದಲ್ಲಿ ನೊಣವಿಲ್ಲದಂತೆ ಮಾಡಿದರು. (1956ರಲ್ಲಿ ಅದು ಮತ್ತೆ ಕಾಣಿಸಿಕೊಂಡಿತು, ಮತ್ತೊಮ್ಮೆ ತೊಲಗಿಸಬೇಕಾಯಿತು.)

ಅಂಟುಬಟ್ಟೆಯಿಂದ ಒಂದೊಂದೇ ನೊಣ ಹಿಡಿದು ಇಡೀ ದ್ವೀಪ ಶುದ್ಧವಾಗುವುದೆಂದರೇನು? ಸೊಳ್ಳೆಯ ವಿಷಯದಲ್ಲಿ ಇದು ಸಾಧ್ಯವೇ ಇಲ್ಲ. ಇದರ ಗುಟ್ಟು ತ್ಸೆತ್ಸೆಯ ಬಾಣಂತನದಲ್ಲಿದೆ. ಈ ನೊಣ ಮೊಟ್ಟೆಯಿಡುವುದಿಲ್ಲ. ಒಂದೇ ಒಂದು ಮರಿಹುಳುವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಹಾಲಿನಂಥ ದ್ರವವನ್ನು ಉಣಿಸಿ, ಪೂರ್ತಿ ಬೆಳೆದ ಮೇಲೆ ನೆರಳಿನ ಸಡಿಲ ಮಣ್ಣಿನ ಮೇಲೆ ಹೆರುತ್ತದೆ. ಮರಿ ಕೂಡಲೇ ಮಣ್ಣಿಗಿಳಿದು ಕೋಶವಾಗುತ್ತದೆ. ಸುಮಾರು ಒಂದು ತಿಂಗಳ ನಂತರ ನೊಣವಾಗಿ ಹೊರಬರುತ್ತದೆ. ಹೀಗೆ ಒಂಬತ್ತು ಹತ್ತು ದಿನಕ್ಕೆ ಒಂದು ಮರಿಯಂತೆ ಜೀವಮಾನದಲ್ಲಿ ಹೆಚ್ಚೆಂದರೆ ಎಂಟು ಹತ್ತು. ಇಷ್ಟು ನಿಧಾನವಾಗಿ ಬೆಳೆಯುವ ಸಂತತಿಗೆ ಸಣ್ಣ ಪೆಟ್ಟೂ ದೊಡ್ಡದು. ಹೆಣ್ಣು ನೊಣಗಳಲ್ಲಿ ದಿನಕ್ಕೆ ನೂರಕ್ಕೆ ನಾಲ್ಕು ಹೆಚ್ಚುವರಿಯಾಗಿ ಸಾಯುವಂತೆ ಬಿಡದೆ ನೋಡಿಕೊಂಡರೆ ಆ ಸ್ಥಳದಲ್ಲಿ ಸಂತತಿ ಕ್ರಮೇಣ ಅಳಿಯುತ್ತದೆಂದು ತಜ್ಞರ ಲೆಕ್ಕ. ಆದುದರಿಂದ ಇಲ್ಲಿ ಬೇಕಾದದ್ದು ಇಂದೇ ಎಲ್ಲವನ್ನೂ ಕೆಡವುವ ವಿಷವಲ್ಲ. ತಪ್ಪದೆ, ಬಹುಕಾಲ ನಡೆಯುವ ಸಾವು.

ಇಂಥ ಕೆಲಸಕ್ಕೆ ಬೂಷ್ಟು ಹೇಳಿ ಮಾಡಿಸಿದಂತಿದೆ. ಬ್ಯಾಕ್ಟೀರಿಯಾದಿಂದ ಮಾಡಿದ ಜೈವಿಕ ಔಷಧ ಹುಳದ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ಎಲೆ ತಿನ್ನದ, ರಕ್ತ ಮಾತ್ರ ಕುಡಿಯುವ ನೊಣಕ್ಕೆ ಅದನ್ನು ತಿನ್ನಿಸುವುದು ಹೇಗೆ? ಬೂಷ್ಟಿಗೆ ಬಾಯಿಯ ದಾರಿ ಬೇಕಾಗಿಲ್ಲ. ಅದರ ಬೀಜಕಣ ಧೂಳಿನಂತೆ ಮೈಗೆ ಅಂಟಿಕೊಂಡು ಅಲ್ಲೇ ಮೊಳೆಯುತ್ತದೆ, ಮೊಳಕೆಯ ತುದಿಯಿಂದ ರಸ ಬಿಟ್ಟು ಚರ್ಮವನ್ನು ಕರಗಿಸುತ್ತ, ಒತ್ತಿ ಒಳನುಗ್ಗುತ್ತದೆ. ಒಳಗೆ ರಕ್ತದಲ್ಲಿ ಹಬ್ಬಿ, ಆಹಾರವನ್ನು ಕಬಳಿಸಿ, ವಿಷವನ್ನೂ ಬಿಡುತ್ತದೆ. ನಾಲ್ಕೈದು ದಿನದಿಂದ ಹತ್ತು ದಿನದೊಳಗೆ ಕೀಟದ ಕಥೆ ಮುಗಿಯುತ್ತದೆ. ತೇವವಿದ್ದರೆ ಸತ್ತ ಕೀಟದ ಮೈಮೇಲೆ ಬೂಷ್ಟು ಹೊರಬಂದು ಹೊಸ ಬೀಜಕಣ ಬಿಡುತ್ತದೆ. ಬವೇರಿಯಾ ಆದರೆ ಬಿಳಿ, ಮೆಟಾರೈಜಿಯಂ ಆದರೆ ಹಸಿರು.

ಇದನ್ನು ಕನ್ನಡ ನಾಡಿನವರು ಬಹಳ ಹಿಂದಿನಿಂದ ಕಂಡವರೇ. ರೇಷ್ಮೆ ಹುಳುವಿಗೆ ಬರುವ ಸುಣ್ಣಕಟ್ಟು ರೋಗವೆಂದರೆ ಇದೇ ಬವೇರಿಯಾ. ಇಟಲಿಯ ಆಗೊಸ್ಟಿನೊ ಬಾಸಿ ಎಂಬಾತ ಈ ರೋಗಕ್ಕೆ ಒಂದು ಸೂಕ್ಷ್ಮಜೀವಿ ಕಾರಣವೆಂದು 1835ರಲ್ಲಿ ತೋರಿಸಿದ. ಬೂಷ್ಟಿನ ಪೂರ್ಣ ಹೆಸರು ಬವೇರಿಯಾ ಬಾಸಿಯಾನ ಎಂದಿರುವುದು ಅವನ ನೆನಪಿಗಾಗಿ. ಮೆಟಾರೈಜಿಯಂ ಅನ್ನು ರಷ್ಯಾದ ಮೆಚ್ನಿಕಾಫ್ 1879ರಲ್ಲಿ ಒಡೆಸ್ಸಾ ಕಡೆಯ ಧಾನ್ಯದ ದುಂಬಿಯಲ್ಲಿ ಕಂಡು, ಕೀಟನಾಶಕ್ಕೆ ಬಳಸಬಹುದೆಂದು ಸೂಚಿಸಿದ.

ಬೂಷ್ಟೇನೋ ಸಿಕ್ಕಿತು, ಅದನ್ನು ನೊಣದ ಮೈಗೆ ಹಚ್ಚುವುದು ಹೇಗೆ? ಕಾಡಿಗೆಲ್ಲ ಸಿಂಪಡಿಸಿದರೆ ಖರ್ಚಿಗೆ ಮಿತಿಯಿಲ್ಲ, ಬಿಸಿಲಿಗೆ ಬೀಜಕಣ ಬೇಗ ಸಾಯುತ್ತದೆ. ಕೀನ್ಯಾದ ನೈರೋಬಿಯಲ್ಲಿ 1970ರಲ್ಲಿ ಥಾಮಸ್ ಒಡಿಯಾಂಬೊ ಅವರು ಸ್ಥಾಪಿಸಿದ ಇಸಿಪೆ ಎಂಬ ಕೀಟ ಸಂಶೋಧನ ಕೇಂದ್ರದವರು ಇದಕ್ಕೆ ದಾರಿ ಹುಡುಕಿದರು. ನೀಲಿ ಮತ್ತು ಕಪ್ಪು ಬಟ್ಟೆಯ ನೊಣದ ಬೋನು ಅಲ್ಲಿ ಮೊದಲೇ ಬಳಕೆಯಲ್ಲಿತ್ತು. ನೀಲಿಯನ್ನು ಕಂಡು ನೊಣ ದೂರದಿಂದ ಬರುತ್ತದೆ, ಕಪ್ಪಿನ ಮೇಲೆ ಕೂರುತ್ತದೆ. ಕೆಲವು ಜಾತಿಗಳಿಗೆ ಅಸಿಟೋನ್ ಜೊತೆಗೆ ಗೋಮೂತ್ರವನ್ನೂ ಇಟ್ಟರೆ ಇನ್ನೂ ಹೆಚ್ಚು ಬರುತ್ತವೆ. ಒಳಹೊಕ್ಕ ನೊಣ ಬೆಳಕಿನ ಕಡೆಗೆ ಮೇಲೇರಿ ತುದಿಯ ಪಂಜರದಲ್ಲಿ ಸಿಕ್ಕಿಬೀಳುತ್ತದೆ. ಈ ಪಂಜರವನ್ನು ತೆಗೆದು, ಆ ಜಾಗದಲ್ಲಿ ಒಣ ಬೀಜಕಣವಿರುವ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಇಟ್ಟರು. ಡಬ್ಬಿಗೆ ಹೊರಹೋಗಲು ಬಾಗಿಲಿದೆ. ನೊಣ ಪುಡಿಯನ್ನು ಮೈಗೆಲ್ಲ ಮೆತ್ತಿಕೊಂಡು ಹಾರಿಹೋಗುತ್ತದೆ! ಇದರ ವಿವರ 1998ರಲ್ಲಿ ಪ್ರಕಟವಾಯಿತು. ಬಳಸಿದ ಬೂಷ್ಟು ಮೆಟಾರೈಜಿಯಂ.

ಹಿಡಿದ ನೊಣವನ್ನು ಬಿಡುವುದು ಹುಚ್ಚುತನವೆಂದು ಮೊದಲು ತೋರುತ್ತದೆ. ಆದರೆ ಬೋನಿನಲ್ಲಿ ಸತ್ತ ನೊಣ ಒಂದೇ ನೊಣ. ಬಿಟ್ಟ ನೊಣ ಕೂಡುವಾಗ ತನ್ನ ಜೊತೆಗಾರನಿಗೂ ಬೂಷ್ಟನ್ನು ಅಂಟಿಸುತ್ತದೆಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ಬೂಷ್ಟು ತಗುಲಿದ ನೊಣ ಸಾಯುವ ಮೊದಲೇ ರಕ್ತ ಹೀರುವುದನ್ನು ಕಡಿಮೆ ಮಾಡುತ್ತದೆ. ರೋಗಜೀವಿಯನ್ನು ಪಡೆಯುವ, ಹರಡುವ ಶಕ್ತಿಯೂ ಅದರಲ್ಲಿ ಕುಗ್ಗುತ್ತದೆಂದು 2018ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿವೆ. ನಮ್ಮ ದೃಷ್ಟಿಯಲ್ಲಿ ಇದು ದೊಡ್ಡ ಮಾತು, ಏಕೆಂದರೆ ನಿಧಾನದ ಔಷಧವೆಂಬ ದೂರಿಗೆ ಇದರಲ್ಲಿ ಅರ್ಧ ಉತ್ತರವಿದೆ.

ಹಾಗೆಂದು ಆಫ್ರಿಕಾದಲ್ಲಿ ಬೂಷ್ಟು ಗೆದ್ದುಬಿಟ್ಟಿತೆಂದು ತಿಳಿಯಬಾರದು. ವಿಕ್ಟೋರಿಯಾ ಸರೋವರದ ದ್ವೀಪಗಳಲ್ಲಿ ಬೂಷ್ಟಿನ ಡಬ್ಬಿಯನ್ನೂ ಬರೀ ಹಿಡಿಯುವ ಬೋನನ್ನೂ ಹೋಲಿಸಿ ನೋಡಿದಾಗ ಎರಡರಿಂದಲೂ ನೊಣ ಇಳಿಯಿತು. ಡಬ್ಬಿಗೆ ಆಗಾಗ ಹೊಸ ಪುಡಿ ತುಂಬಬೇಕು. ಒಣ ಹವೆಯಲ್ಲಿ ನೊಣ ಬೂಷ್ಟಿನಿಂದ ಸತ್ತರೂ ಹೆಣದ ಮೇಲೆ ಹೊಸ ಬೀಜಕಣ ಮೂಡುವುದಿಲ್ಲ. ಸರಪಣಿ ಅಲ್ಲಿಗೆ ತುಂಡಾಗುತ್ತದೆ. ಆದುದರಿಂದ ಬಟ್ಟೆಯ ಬೋನು, ದನದ ಮೈಗೆ ಹಚ್ಚುವ ಔಷಧ, ರೋಗಿಗಳ ಚಿಕಿತ್ಸೆ ಇವೇ ಅಲ್ಲಿ ಮುಖ್ಯವಾಗಿ ಉಳಿದಿವೆ.

ಈಗ ನಮ್ಮ ತೋಟಕ್ಕೆ ಬರೋಣ. ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಬೂಷ್ಟಿನ ಮಟ್ಟಿಗೆ ಇದು ತ್ಸೆತ್ಸೆಗಿಂತ ಕಠಿಣ ಶತ್ರು. ಹೆಣ್ಣು ಕಾಯಿ ಕೊರೆದು ಒಳಗೆ ಹತ್ತಾರು ಮೊಟ್ಟೆಯಿಡುತ್ತದೆ. ಗಂಡು ಹುಳು ಹಾರುವುದೇ ಇಲ್ಲ. ಮರಿಗಳು ಕಾಯಿಯೊಳಗೇ ಬೆಳೆದು ಅಲ್ಲೇ ಕೂಡಿ, ಬಸಿರಾದ ಹೆಣ್ಣುಗಳು ಮಾತ್ರ ಹೊರಬರುತ್ತವೆ. ಹಾಗಾಗಿ ನೊಣದಂತೆ ಜೊತೆಗಾರನಿಂದ ಜೊತೆಗಾರನಿಗೆ ಹೊರಗಡೆ ಬೂಷ್ಟು ದಾಟುವ ಅವಕಾಶ ಇಲ್ಲಿಲ್ಲ. ಹೆಣ್ಣು ಹಾರಿಬಂದು ಕಾಯಿಯ ತುದಿಯಲ್ಲಿ ಕೊರೆಯುತ್ತಿರುವ ಸ್ವಲ್ಪ ಹೊತ್ತು ಮಾತ್ರ ಅವಳು ನಮ್ಮ ಕೈಗೆ ಸಿಗುವವಳು. ಒಳಸೇರಿದ ಮೇಲೆ ಸಿಂಪಡಿಸಿದ್ದು ಸಿಪ್ಪೆಗೆ ಮಾತ್ರ. ಇಲ್ಲಿ ಸಂತತಿಯನ್ನು ನಿಧಾನವಾಗಿಸುವ ಕೆಲಸ ಬೂಷ್ಟಿನದಲ್ಲ, ನಮ್ಮದು: ಕೊಯ್ಲಾದ ಮೇಲೆ ಗಿಡದಲ್ಲಿ ಉಳಿದ ಕಾಯಿ, ನೆಲಕ್ಕೆ ಬಿದ್ದ ಕಾಯಿ ಪೂರ್ತಿ ಹೆಕ್ಕಿಸಬೇಕು. ಹೆಕ್ಕದ ತೋಟದಲ್ಲಿ ಬೂಷ್ಟಿಗೆ ಹಾಕಿದ ಹಣ ವ್ಯರ್ಥವೆಂದೇ ನಮ್ಮ ಅಭಿಪ್ರಾಯ.

ಗೊಬ್ಬರದ ಗುಂಡಿಯ ಮಾತು ಬೇರೆ. ಅಲ್ಲಿ ನೆರಳಿದೆ, ತೇವವಿದೆ, ಹುಳು ತಿಂಗಳುಗಟ್ಟಲೆ ಒಂದೇ ಕಡೆ ಇರುತ್ತದೆ. ಕುರುವಾಯಿ ಹುಳುವಿನ ಮರಿಗಳಿಗೆ ಮೆಟಾರೈಜಿಯಂ ಬೆರೆಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಸಿಂಪಡಿಸುವವರು ಸಂಜೆ ಬಿಸಿಲು ಇಳಿದ ಮೇಲೆ, ಹವೆಯಲ್ಲಿ ತೇವವಿರುವಾಗ ಸಿಂಪಡಿಸಬೇಕು. ಮೈಲುತುತ್ತು ಬೂಷ್ಟಿಗೇ ವಿಷವಾದ್ದರಿಂದ ಬೋರ್ಡೋ ದ್ರಾವಣದ ಜೊತೆಗೆ ಇದನ್ನು ಬೆರೆಸಲೇಬಾರದು, ಅದೇ ಡ್ರಮ್ಮನ್ನು ತೊಳೆಯದೆ ಬಳಸಲೂಬಾರದು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಹತ್ತಿರದಲ್ಲಿ ಹಿಪ್ಪುನೇರಳೆ ತೋಟವಾಗಲಿ ರೇಷ್ಮೆ ಸಾಕುವ ಮನೆಯಾಗಲಿ ಇದ್ದರೆ ಬವೇರಿಯಾದ ಗೋಜಿಗೆ ಹೋಗಬಾರದು.

ಪೊಟ್ಟಣದೊಳಗಿರುವುದು ಜೀವವೆಂಬುದನ್ನು ಮರೆಯದೆ, ತಯಾರಾದ ತಾರೀಕು ನೋಡಿ ಕೊಂಡು, ತಂಪಾದ ಜಾಗದಲ್ಲಿ ಇಡತಕ್ಕದ್ದು. ಜೀಪಿನ ಬಿಸಿಲಲ್ಲಿ ಅರ್ಧ ದಿನ ಬಿಟ್ಟ ಪೊಟ್ಟಣಕ್ಕೂ ಹಿಟ್ಟಿಗೂ ಹೆಚ್ಚು ವ್ಯತ್ಯಾಸವಿಲ್ಲ. ಸಿಂಪಡಿಸಿ ಹತ್ತು ಹನ್ನೆರಡು ದಿನವಾದ ಮೇಲೆ ತೂತುಬಿದ್ದ ನೂರು ಕಾಯಿಗಳನ್ನು ಬೇರೆ ಬೇರೆ ಗಿಡಗಳಿಂದ ಕಿತ್ತು, ತೂತಿನ ಬಾಯಲ್ಲಿ ಬಿಳಿ ಬೂಷ್ಟು ಹತ್ತಿದ ಹುಳು ಎಷ್ಟರಲ್ಲಿದೆ ಎಂದು ಎಣಿಸಿ ಬರೆದಿಡಬಹುದು. ಮುಂದಿನ ಸಲ ಪೊಟ್ಟಣ ಕೊಳ್ಳುವಾಗ ಆ ಚೀಟಿಯನ್ನು ಸಂಘದ ಮಳಿಗೆಗೆ ತಂದರೆ ಇತರ ಸದಸ್ಯರ ಲೆಕ್ಕದೊಂದಿಗೆ ಹೋಲಿಸಿ ನೋಡಲು ನಮಗೂ ಅನುಕೂಲವಾಗುತ್ತದೆ.