ಶಸ್ತ್ರಚಿಕಿತ್ಸೆಯ ಕಾಲದಲ್ಲಿ ರಕ್ತದೊತ್ತಡದ ಏರಿಕೆ: ಅದರ ಕಾರಣವಿಚಾರ

ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಯನ್ನು ಸೇರಿದವರಲ್ಲಿ ಕೆಲವರಿಗೆ, ಮನೆಯಲ್ಲಿ ಸಮವಾಗಿದ್ದ ರಕ್ತದೊತ್ತಡವು ಆ ದಿನದ ಬೆಳಗ್ಗೆ ಏರಿತೆಂದೂ, ಅದರಿಂದ ಚಿಕಿತ್ಸೆಯನ್ನು ಮುಂದಕ್ಕೆ ಹಾಕಬೇಕಾಯಿತೆಂದೂ ಕೇಳುತ್ತೇವೆ. ಮತ್ತೆ ಕೆಲವರಿಗೆ ಶಸ್ತ್ರಕರ್ಮವು ನಿರ್ವಿಘ್ನವಾಗಿ ಮುಗಿದು, ಎಚ್ಚರವಾಗುವ ಹೊತ್ತಿನಲ್ಲಿ ಒತ್ತಡವು ಮೇಲೇರುವುದುಂಟು. ಜನರು ಇವೆರಡನ್ನೂ ‘ಬಿ.ಪಿ. ಜಾಸ್ತಿಯಾಯಿತು’ ಎಂಬ ಒಂದೇ ಮಾತಿನಿಂದ ಹೇಳಿಬಿಡುವರು. ಆದರೆ ಕಾರ್ಯವು ಒಂದಾಗಿ ಕಂಡರೂ ಕಾರಣಗಳು ಒಂದಲ್ಲ. ಕಾರಣವನ್ನು ಅರಸದೆ ಕಾರ್ಯವನ್ನು ಮಾತ್ರ ಅಡಗಿಸಹೊರಟರೆ ರೋಗಿಗೆ ಹಿತವಾಗುವುದರ ಬದಲು ಅಪಾಯವಾಗುವ ಸಂಭವವುಂಟು. ಈ ವಿಷಯವನ್ನು ವೈದ್ಯರಲ್ಲದ ವಿದ್ವಜ್ಜನರಿಗೂ ತಿಳಿಯುವಂತೆ ಸಂಗ್ರಹವಾಗಿ ನಿರೂಪಿಸಲು ಇಲ್ಲಿ ಉದ್ದೇಶಿಸಿದೆ.

ಮೊದಲು ಶಬ್ದದ ವಿಷಯವಾಗಿ ಒಂದು ಮಾತು. ಸಂಸ್ಕೃತದ ‘ರಕ್ತ’ಕ್ಕೆ ಕನ್ನಡದ ‘ಒತ್ತಡ’ವು ಸೇರಿರುವುದರಿಂದ ಇದು ಅರಿಸಮಾಸವಾಯಿತೆಂದು ಯಾರಾದರೂ ಆಕ್ಷೇಪಿಸಬಹುದು. ‘ರಕ್ತದ’ ಎಂಬಲ್ಲಿ ಷಷ್ಠೀವಿಭಕ್ತಿಯು ಅಳಿಯದೆ ನಿಂತಿರುವುದರಿಂದ ಇಲ್ಲಿ ಸಮಾಸವೇ ಇಲ್ಲ, ಲೋಪಸಂಧಿ ಮಾತ್ರವುಂಟು. ಆದಕಾರಣ ಶಬ್ದವು ನಿರ್ದುಷ್ಟವಾದುದು. ಅರ್ಥವಾದರೋ, ಹೃದಯವು ನೂಕಿದ ರಕ್ತವು ಧಮನಿಗಳ ಗೋಡೆಯ ಮೇಲೆ ಹಾಕುವ ಒತ್ತು. ಹೃದಯವು ಕುಗ್ಗಿದಾಗಿನ ಒತ್ತು ಮೇಲಣ ಸಂಖ್ಯೆ. ಹಿಗ್ಗಿದಾಗಿನದು ಕೆಳಗಣ ಸಂಖ್ಯೆ. ಹೃದಯವು ಹೊರಹಾಕುವ ರಕ್ತದ ಪ್ರಮಾಣ, ಧಮನಿಗಳ ಬಿಗುಪು, ಇವೆರಡರಲ್ಲಿ ಯಾವುದು ಹೆಚ್ಚಿದರೂ ಒತ್ತಡವು ಹೆಚ್ಚುತ್ತದೆ. ಮುಂದೆ ಹೇಳುವ ಕಾರಣಗಳೆಲ್ಲವೂ ಈ ಎರಡು ಬಾಗಿಲುಗಳಲ್ಲಿ ಒಂದರಿಂದಲೋ ಎರಡರಿಂದಲೋ ಒಳಹೊಗುವಂಥವು.

ಈ ಒತ್ತಡವನ್ನು ಅಳೆಯುವ ವಿದ್ಯೆಯು ಹಳೆಯದಲ್ಲ. ಇಂಗ್ಲೆಂಡಿನ ಪಾದ್ರಿಯಾದ ಸ್ಟೀಫನ್ ಹೇಲ್ಸನು ಕುದುರೆಯ ಧಮನಿಗೆ ಗಾಜಿನ ಕೊಳವೆಯನ್ನು ಜೋಡಿಸಿ, ರಕ್ತವು ಅದರಲ್ಲಿ ಎಂಟು ಅಡಿಗೂ ಮೇಲಕ್ಕೆ ಏರಿದುದನ್ನು ಕಂಡನು. ಆ ವೃತ್ತಾಂತವು ೧೭೩೩ರಲ್ಲಿ ಪ್ರಕಟವಾಯಿತು. ತೋಳಿಗೆ ಪಟ್ಟಿಯನ್ನು ಸುತ್ತಿ ಅಳೆಯುವ ಉಪಕರಣವನ್ನು ಇಟಲಿಯ ರೀವಾ-ರೋಚಿಯು ೧೮೯೬ರಲ್ಲಿ ರಚಿಸಿದನು. ಅಮೆರಿಕದ ಶಸ್ತ್ರವೈದ್ಯನಾದ ಹಾರ್ವೀ ಕುಶಿಂಗನು ೧೯೦೧ರಲ್ಲಿ ಪಾವಿಯಾ ನಗರದಲ್ಲಿ ಅದನ್ನು ನೋಡಿ ತನ್ನ ದೇಶಕ್ಕೆ ಕೊಂಡೊಯ್ದನು. ೧೯೦೫ರಲ್ಲಿ ರಷ್ಯದ ಕೊರೊಟ್ಕಾಫನು ಧಮನಿಯ ಧ್ವನಿಯನ್ನು ಆಲಿಸಿ ಎರಡು ಸಂಖ್ಯೆಗಳನ್ನೂ ಗೊತ್ತುಮಾಡುವ ಕ್ರಮವನ್ನು ತಿಳಿಸಿದನು. ಬೋಸ್ಟನ್ನಿನಲ್ಲಿ ಈಥರಿನ ಪ್ರಯೋಗವು ಬಹಿರಂಗವಾಗಿ ನಡೆದುದು ೧೮೪೬ರಲ್ಲಿ. ಎಂದರೆ, ಅರಿವಳಿಕೆಯ ಮೊದಲ ಅರ್ಧಶತಮಾನವೆಲ್ಲ ನಾಡಿಯನ್ನು ಬೆರಳಿನಿಂದ ಹಿಡಿದುನೋಡುವುದರಲ್ಲಿಯೇ ಕಳೆಯಿತು.

ಕಾರಣಗಳನ್ನು ವಿಂಗಡಿಸುವುದಕ್ಕೆ ನಮ್ಮ ಶಾಸ್ತ್ರಗಳಲ್ಲಿಯ ಎರಡು ವಿಭಾಗಗಳು ಅನುಕೂಲವಾಗಿವೆ. ಶಸ್ತ್ರಚಿಕಿತ್ಸೆಯನ್ನು ಸುಶ್ರುತನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮಗಳೆಂದು ಮೂರಾಗಿ ವಿಭಾಗಿಸಿದ್ದಾನೆ. ಮಾಧವನಿದಾನದ ಮಧುಕೋಶವ್ಯಾಖ್ಯಾನದಲ್ಲಿ ರೋಗಹೇತುಗಳನ್ನು ಸನ್ನಿಕೃಷ್ಟ, ವಿಪ್ರಕೃಷ್ಟ ಎಂದು, ಎಂದರೆ ಹತ್ತಿರದವು, ದೂರದವು ಎಂದು, ಬೇರ್ಪಡಿಸಿದೆ. ಇಷ್ಟರಿಂದ ಪ್ರಾಚೀನರು ರಕ್ತದೊತ್ತಡವನ್ನು ಅರಿತಿದ್ದರೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಅಂತಹ ಸಾಧನೆಗಳು ಈಚೆಗೆ ಬೇಕಾದಷ್ಟಾಗಿವೆ. ವಿಂಗಡಣೆಯ ಸೌಕರ್ಯವನ್ನು ಮಾತ್ರ ಎರವಲು ಪಡೆದಿದ್ದೇವೆ.

ಪೂರ್ವಕರ್ಮದ ಕಾಲದಲ್ಲಿ ಸನ್ನಿಕೃಷ್ಟಹೇತುಗಳಲ್ಲಿ ಮುಖ್ಯವಾದುದು ಭಯ. ಸಾಹಿತ್ಯವನ್ನು ಬೋಧಿಸುವವರಿಗೆ ಇದನ್ನು ವಿವರಿಸುವುದು ಸುಲಭ. ಭರತನು ಎಣಿಸಿದ ಎಂಟು ಸಾತ್ತ್ವಿಕಭಾವಗಳಲ್ಲಿ ಸ್ವೇದ, ರೋಮಾಂಚ, ವೇಪಥು, ವೈವರ್ಣ್ಯಗಳು ಭಯದಲ್ಲಿ ತೋರುವುವಷ್ಟೆ. ಇವು ಬುದ್ಧಿಪೂರ್ವಕವಾಗಿ ಆಗತಕ್ಕವಲ್ಲ; ಮೈಯು ತಾನಾಗಿಯೇ ಮಾಡತಕ್ಕವು. ಇವುಗಳನ್ನು ಹುಟ್ಟಿಸುವ ನರಮಂಡಲವೇ ಅಡ್ರಿನಲಿನ್ ಮೊದಲಾದ ರಸಗಳನ್ನು ಹರಿಯಿಸಿ, ಹೃದಯವನ್ನು ತ್ವರೆಗೊಳಿಸಿ, ಧಮನಿಗಳನ್ನು ಬಿಗಿಯುತ್ತದೆ. ರಕ್ತದೊತ್ತಡದ ಏರಿಕೆಯು ಕಣ್ಣಿಗೆ ಕಾಣದ ಒಂಬತ್ತನೆಯ ಸಾತ್ತ್ವಿಕಭಾವವೆಂದರೂ ಸಲ್ಲುವುದು. ವೈದ್ಯನನ್ನು ಕಂಡ ಮಾತ್ರಕ್ಕೆ ಒತ್ತಡವೇರಿ, ಮನೆಗೆ ಬಂದಮೇಲೆ ಇಳಿಯುವವರೂ ಇದ್ದಾರೆ. ಆದಕಾರಣ ಆಸ್ಪತ್ರೆಯಲ್ಲಿ ಒಂದು ಸಲ ಅಳೆದ ಸಂಖ್ಯೆಯನ್ನೇ ನಂಬುವುದು ಯುಕ್ತವಲ್ಲವೆಂದು ಬ್ರಿಟನ್ನಿನ ಅರಿವಳಿಕೆ ವೈದ್ಯರ ಸಂಘವೂ ರಕ್ತದೊತ್ತಡ ಸಂಘವೂ ೨೦೧೬ರಲ್ಲಿ ಒಂದು ಮಾರ್ಗಸೂಚಿಯನ್ನು ಹೊರಡಿಸಿದುವು. ಹಿಂದಿನ ಒಂದು ವರ್ಷದಲ್ಲಿ ಊರಿನ ವೈದ್ಯನು ಅಳೆದ ಒತ್ತಡವು ೧೬೦/೧೦೦ಕ್ಕಿಂತ ಕಡಮೆಯಾಗಿದ್ದರೆ, ಅವಸರವಿಲ್ಲದ ಶಸ್ತ್ರಚಿಕಿತ್ಸೆಯನ್ನೂ ನಡೆಸಬಹುದು. ಅಂತಹ ಲೆಕ್ಕವು ದೊರೆಯದಿದ್ದರೆ ಆಸ್ಪತ್ರೆಯ ಪೂರ್ವಪರೀಕ್ಷೆಯಲ್ಲಿ ೧೮೦/೧೧೦ಕ್ಕಿಂತ ಕಡಮೆಯಿದ್ದರೂ ಸಾಕು ಎಂಬುದು ಅದರ ತಾತ್ಪರ್ಯ.

ವಿಪ್ರಕೃಷ್ಟಹೇತುವೆಂದರೆ ಮೊದಲಿನಿಂದಲೂ ಇರುವ ಅಧಿಕ ರಕ್ತದೊತ್ತಡರೋಗ. ಅದು ನೋವಿಲ್ಲದ ರೋಗವಾದುದರಿಂದ ಅನೇಕರಿಗೆ ಶಸ್ತ್ರಚಿಕಿತ್ಸೆಯ ನಿಮಿತ್ತದಿಂದಲೇ ಮೊದಲ ಸಲ ಗೊತ್ತಾಗುತ್ತದೆ. ಗೊತ್ತಿದ್ದವರಲ್ಲಿಯೂ ಒಂದು ಅನರ್ಥವು ನಡೆಯುತ್ತದೆ; ಅದು ಕೇವಲ ಭಾಷೆಯಿಂದಾದುದು. ‘ರಾತ್ರಿಯಿಂದ ಏನನ್ನೂ ಬಾಯಿಗೆ ಹಾಕಬೇಡಿ’ ಎಂದು ಹೇಳಿದರೆ, ಶ್ರದ್ಧೆಯುಳ್ಳ ರೋಗಿಯು ಆ ‘ಏನನ್ನೂ’ ಎಂಬುದರಲ್ಲಿ ದಿನವೂ ನುಂಗುವ ಬಿ.ಪಿ. ಮಾತ್ರೆಯನ್ನೂ ಸೇರಿಸಿಕೊಳ್ಳುತ್ತಾನೆ. ಏಕಾದಶಿಯ ಉಪವಾಸವನ್ನು ಬಲ್ಲ ನಮ್ಮ ಜನಕ್ಕೆ ಇದು ಸಹಜವೇ. ಉಪವಾಸದ ಉದ್ದೇಶವಾದರೋ ಅರಿವಳಿಕೆಯ ಕಾಲದಲ್ಲಿ ಹೊಟ್ಟೆಯ ಆಹಾರವು ಮೇಲಕ್ಕೆ ಬಂದು ಶ್ವಾಸಕೋಶವನ್ನು ಹೊಗದಿರಲೆಂಬುದಷ್ಟೆ. ಒಂದು ಗುಟುಕು ನೀರಿನೊಡನೆ ನುಂಗುವ ಮಾತ್ರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕ್ಲೊನಿಡೀನ್ ಎಂಬ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಅದುಮಿಟ್ಟಿದ್ದ ಒತ್ತಡವು ಮೊದಲಿಗಿಂತಲೂ ಹೆಚ್ಚಾಗಿ ಪುಟಿದೇಳುತ್ತದೆ. ಬೀಟಾ ಬ್ಲಾಕರ್ ವರ್ಗದ ಮಾತ್ರೆಗಳನ್ನೂ ಹಾಗೆ ನಿಲ್ಲಿಸುವುದು ಹೃದಯಕ್ಕೆ ಅಪಾಯಕರ. ಹಾಗೆಂದು ಎಲ್ಲ ಮಾತ್ರೆಗಳನ್ನೂ ಮುಂದುವರಿಸತಕ್ಕದ್ದೆಂದೂ ಅಲ್ಲ. ಇನ್ನು ಕೆಲವು ವರ್ಗದವು ಅರಿವಳಿಕೆಯೊಡನೆ ಕೂಡಿ ಒತ್ತಡವನ್ನು ಅತಿಯಾಗಿ ಇಳಿಸುವುದರಿಂದ ಅವುಗಳನ್ನು ಆ ದಿನ ಬಿಡಲು ವೈದ್ಯರು ಹೇಳುವುದುಂಟು. ಆದುದರಿಂದ ಒಂದೊಂದು ಮಾತ್ರೆಯನ್ನೂ ಹೆಸರು ಹಿಡಿದು ‘ಇದನ್ನು ನುಂಗಿ, ಇದನ್ನು ಬಿಡಿ’ ಎಂದು ಕನ್ನಡದಲ್ಲಿ ಬರೆದು ಕೊಡುವುದು ಅತ್ಯವಶ್ಯಕ. ಸುಶ್ರುತನೂ ಇಲ್ಲಿ ಒಂದೇ ವಿಧಿಯನ್ನು ಹೇಳಿದವನಲ್ಲ. ಸಾಮಾನ್ಯವಾಗಿ ರೋಗಿಗೆ ಮೊದಲೇ ಊಟವನ್ನು ಕೊಡತಕ್ಕದ್ದೆಂದು ವಿಧಿಸಿ, ಮೂಢಗರ್ಭ, ಅಶ್ಮರಿ, ಅರ್ಶಸ್ಸು ಮೊದಲಾದವುಗಳಲ್ಲಿ ಮಾತ್ರ ನಿರಾಹಾರವನ್ನು ಹೇಳಿದ್ದಾನೆ.

ಪ್ರಧಾನಕರ್ಮದಲ್ಲಿ ಒಂದು ಆಶ್ಚರ್ಯವುಂಟು. ರೋಗಿಗೆ ಅರಿವು ತಪ್ಪಿಸಿ, ನಾಲಗೆಯ ಬುಡವನ್ನು ಲೋಹದ ಅಲಗಿನಿಂದ ಎತ್ತಿ, ಶ್ವಾಸನಾಳದೊಳಕ್ಕೆ ಕೊಳವೆಯನ್ನು ಇಳಿಸುವರು. ಆ ಕ್ಷಣದಲ್ಲಿ, ಸಮವಾದ ಒತ್ತಡವುಳ್ಳವನಿಗೂ ಮೇಲಣ ಸಂಖ್ಯೆಯು ೨೦–೩೦ ಮಿಲಿಮೀಟರಿನಷ್ಟು ಏರಬಹುದು. ಚಿಕಿತ್ಸೆಯಿಲ್ಲದ ರಕ್ತದೊತ್ತಡರೋಗಿಗೆ ಇನ್ನೂ ಬಹಳವಾಗಿ ಏರುತ್ತದೆ. ಭಯಪಡುವ ಮನಸ್ಸು ಅಲ್ಲಿಲ್ಲ. ಆದರೂ ಭಯದ ಕಾರ್ಯವುಂಟು. ಸ್ಥಾಯಿಯಿಲ್ಲದೆ ಸಾತ್ತ್ವಿಕವು ತೋರುವ ಈ ಪ್ರಸಂಗವು ಅಲಂಕಾರಿಕರಿಗೆ ಒದಗಿರಲಿಲ್ಲ. ಗಂಟಲಿನ ನರಗಳು ಸ್ಪರ್ಶವನ್ನು ನೇರವಾಗಿ ಮಿದುಳಿನ ಬುಡಕ್ಕೆ ಒಯ್ಯುವುದೇ ಇದಕ್ಕೆ ಕಾರಣ. ಅರಿವಳಿಕೆಯು ತೆಳುವಾದಾಗ ಶಸ್ತ್ರವು ತಾಕಿದರೂ ಹೀಗೆಯೇ ಆಗುವುದು. ಕೈಕಾಲುಗಳಿಗೆ ರಕ್ತವು ಹರಿಯದಂತೆ ಕಟ್ಟಿದ ಪಟ್ಟಿ, ಉದರದರ್ಶಕ ಚಿಕಿತ್ಸೆಯಲ್ಲಿ ಹೊಟ್ಟೆಗೆ ತುಂಬುವ ಅನಿಲ, ರಕ್ತಸ್ರಾವವನ್ನು ತಡೆಯಲು ಚುಚ್ಚುವ ಅಡ್ರಿನಲಿನ್, ಇವೂ ಹೇತುಗಳೇ. ತೋಳಿಗೆ ಕಿರಿದಾದ ಪಟ್ಟಿಯನ್ನು ಸುತ್ತಿದರೆ ಇಲ್ಲದ ಏರಿಕೆಯೂ ಇದ್ದಂತೆ ತೋರುವುದು. ಅದು ಭ್ರಮೆಯೇ ಹೊರತು ರೋಗವಲ್ಲ. ಅಪೂರ್ವವಾದರೂ ಘೋರವಾದುದು ಫಿಯೋಕ್ರೊಮೊಸೈಟೋಮವೆಂಬ ಗಡ್ಡೆ. ಇದು ಪ್ರಾಯಶಃ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದು, ಅದನ್ನು ಮುಟ್ಟಿದ ಮಾತ್ರಕ್ಕೆ ತನ್ನ ರಸವನ್ನು ಸುರಿದು, ಒತ್ತಡವನ್ನು ಪ್ರಾಣಾಂತಿಕವಾಗಿ ಏರಿಸಬಲ್ಲದು.

ಪಶ್ಚಾತ್ಕರ್ಮದಲ್ಲಿ ಏರಿಕೆಯು ಸಾಮಾನ್ಯವಾಗಿ ಮೊದಲ ಅರ್ಧಗಂಟೆಯೊಳಗೆ ತೊಡಗಿ ಕೆಲವು ಗಂಟೆಗಳವರೆಗೆ ನಿಲ್ಲುವುದು. ನೋವು, ಚಳಿಯ ನಡುಕ, ಉಸಿರಾಟದ ಕೊರತೆ, ತುಂಬಿದ ಮೂತ್ರಕೋಶ, ಇವು ಆಗಿನ ಹೇತುಗಳು. ಮೂತ್ರವೇಗವನ್ನು ತಡೆಯಬಾರದೆಂಬ ಚರಕನ ವಿಧಿಯನ್ನು ಅರಿವಳಿಕೆಯಲ್ಲಿರುವ ರೋಗಿಯು ತಾನಾಗಿ ಪಾಲಿಸಲಾರನಷ್ಟೆ; ಇತರರು ನೋಡಿ ತಿಳಿದುಕೊಳ್ಳಬೇಕು. ಕಾರಣವನ್ನು ಅರಸಬೇಕೆಂದು ಮೊದಲು ಹೇಳಿದುದರ ಬಲವು ಇಲ್ಲಿ ಸ್ಪಷ್ಟವಾಗುತ್ತದೆ. ಉಸಿರು ಸಾಲದೆ ರಕ್ತದಲ್ಲಿ ಆಮ್ಲಜನಕವು ಕುಗ್ಗಿ, ಇಂಗಾಲಾಮ್ಲವು ಹೆಚ್ಚಿದುದರಿಂದ ಒತ್ತಡವು ಏರಿದ್ದಾಗ, ಅದನ್ನು ಇಳಿಸುವ ಚುಚ್ಚುಮದ್ದನ್ನು ಕೊಟ್ಟರೆ ಸಂಖ್ಯೆಯು ಇಳಿಯುವುದು. ಉಸಿರು ಮಾತ್ರ ಸರಿಯಾಗದು. ಕೂಗಿ ಕರೆಯುತ್ತಿದ್ದವನ ಬಾಯನ್ನು ಮುಚ್ಚಿದಂತಾಯಿತು. ಮೂತ್ರಕೋಶದಿಂದಾದ ಏರಿಕೆಗೆ ಸಣ್ಣದೊಂದು ನಳಿಗೆಯೇ ಔಷಧ, ನಡುಕಕ್ಕೆ ಕಂಬಳಿ.

ಏರಿಕೆಯನ್ನು ಉಪೇಕ್ಷಿಸಲೂ ಬಾರದು. ಹೊಲಿಗೆಯ ಸ್ಥಾನದಲ್ಲಿ ರಕ್ತವು ಒಸರುವುದು, ಹೃದಯವು ಬಳಲುವುದು, ಮಿದುಳಿನಲ್ಲಿ ರಕ್ತಸ್ರಾವವಾಗುವುದು, ಇವೆಲ್ಲವೂ ಸಂಭವನೀಯ. ಆದರೆ ಬಹುಕಾಲದಿಂದ ಅಧಿಕ ಒತ್ತಡಕ್ಕೆ ಒಗ್ಗಿದ ಮಿದುಳಿಗೆ, ಇತರರಿಗೆ ಸಮವೆನಿಸುವ ಒತ್ತಡದಲ್ಲಿ ರಕ್ತವು ಸಾಲದೆಹೋಗಬಹುದು. ಆದುದರಿಂದ ಅಳತೆಯು ಗ್ರಂಥದ ೧೨೦/೮೦ ಅಲ್ಲ, ಆ ರೋಗಿಯ ನಿತ್ಯದ ಒತ್ತಡವೇ.

ಒಂದೆರಡು ದಿನಗಳ ತರುವಾಯವೂ ಒತ್ತಡವು ಏರುವುದುಂಟು. ಶಸ್ತ್ರಕರ್ಮದಲ್ಲಿ ನರದ ಮೂಲಕ ಕೊಟ್ಟ ದ್ರವವು ಮಾಂಸಾದಿಗಳಲ್ಲಿ ನಿಂತಿದ್ದು, ಆಗ ಮತ್ತೆ ರಕ್ತನಾಳಗಳಿಗೆ ಹಿಂದಿರುಗುವುದು ಇದಕ್ಕೆ ಒಂದು ಕಾರಣ. ಬಿಟ್ಟ ಮಾತ್ರೆಗಳನ್ನು ಪುನಃ ಪ್ರಾರಂಭಿಸದಿರುವುದು ಇನ್ನೊಂದು. ನಿತ್ಯವೂ ಮದ್ಯವನ್ನು ಸೇವಿಸುವವನಿಗೆ ಅದು ತಪ್ಪಿದುದರಿಂದಲೂ ಹೀಗಾಗಬಹುದು. ಇವು ಯಾವುವೂ ಇಲ್ಲದೆ, ಗಾಯವು ಮಾಗಿ ಮನೆಯನ್ನು ಸೇರಿದ ಮೇಲೆಯೂ, ಶಾಂತವಾಗಿ ಕುಳಿತು ಬೇರೆ ಬೇರೆ ದಿನಗಳಲ್ಲಿ ಅಳೆದರೂ ಒತ್ತಡವು ಇಳಿಯದಿದ್ದರೆ, ಆ ರೋಗವು ಶಸ್ತ್ರಚಿಕಿತ್ಸೆಯಿಂದ ಬಂದುದಲ್ಲ. ಮೊದಲೇ ಇದ್ದುದು, ಆಗ ಕಂಡಿತು.