ವರ್ಡ್‌ಪ್ರೆಸ್ ಉಚಿತ ಅಂದಮೇಲೆ ವರ್ಷವರ್ಷ ದುಡ್ಡು ಏಕೆ?

ಪ್ರಶ್ನೆ: ನಮ್ಮ ಮರದ ಗೊಂಬೆ ಅಂಗಡಿಗೆ ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿಸಿದ್ದೇವೆ. ಅದು ಉಚಿತವಂತೆ. ಆದರೂ ಮಾಡಿಕೊಟ್ಟವರು ಪ್ರತಿವರ್ಷ ಹಣ ಕೇಳುತ್ತಾರಲ್ಲ?
– ಓದುಗರು, ಚನ್ನಪಟ್ಟಣ

ಉತ್ತರ: ಉಚಿತವೆನ್ನುವುದು ನಿಜ. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಹೊರತಂದ ಈ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಲೂಬಹುದು. ಆದರೆ ಅದಕ್ಕೆ ಸರ್ವರ್‌ನಲ್ಲಿ ಜಾಗ ಬೇಕು, ಅಂಗಡಿಯ ಹೆಸರಿನ ಡೊಮೇನ್ ಬೇಕು. ಇವೆರಡಕ್ಕೂ ಬಾಡಿಗೆಯುಂಟು. ಅಂದಹಾಗೆ, ಡೊಮೇನ್ ನಿಮ್ಮದೇ ಹೆಸರಿನಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ, ಮುಂದೆ ಅವರನ್ನು ಬಿಡುವುದು ಕಷ್ಟ.

ಉಳಿದದ್ದು ನಿರ್ವಹಣೆಯ ಖರ್ಚು. ಗೊಂಬೆಯ ಬೆಲೆ, ವಿವರಗಳು ಡೇಟಾಬೇಸ್‌ನಲ್ಲಿರುತ್ತವೆ, ಅಂದಚಂದವೆಲ್ಲ ಥೀಮ್‌ನಲ್ಲಿ. ಗಿರಾಕಿ ಬಂದಾಗ ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಎಂಬ ಭಾಷೆಯ ಪ್ರೋಗ್ರಾಂ ಎರಡನ್ನೂ ಜೋಡಿಸಿ ಪುಟ ಕಟ್ಟಿಕೊಡುತ್ತದೆ. ಹಾಗಾಗಿಯೇ ವಿನ್ಯಾಸಕ್ಕೆ ಕೈಹಚ್ಚದೆ ಬೆಲೆಯನ್ನು ನೀವೇ ಬದಲಿಸಬಹುದು. ಅಷ್ಟಕ್ಕೇ ದುಡ್ಡು ಕೇಳಿದರೆ ಕೊಡಬೇಡಿ. ಸೈಟಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ಪ್ಲಗಿನ್‌ಗಳ ವಿಚಾರ ಬೇರೆ. ಅವನ್ನು ಅಪ್‌ಡೇಟ್ ಮಾಡದೆ ಬಿಟ್ಟರೆ ಹ್ಯಾಕರ್‌ಗಳು ನುಗ್ಗುವುದು ಹೆಚ್ಚಾಗಿ ಆ ದಾರಿಯಿಂದಲೇ. ಕೊನೆಯ ಬ್ಯಾಕಪ್ ಯಾವಾಗ ತೆಗೆದಿದ್ದೀರಿ, ತೋರಿಸಿ ಎಂದು ಸೈಟ್ ಮಾಡಿಕೊಟ್ಟವರನ್ನು ಕೇಳಿ. ತೋರಿಸಿದರೆ ಆ ಹಣ ನ್ಯಾಯವೇ.